ಕಲ್ಯದ ಕಲ್ಲು, ಕಂಪ್ಯೂಟರಿನ ಪರದೆ

ಮಾಗಡಿ ತಾಲ್ಲೂಕಿನಲ್ಲಿ ಕಲ್ಯ ಎಂಬ ಊರಿದೆ. ಬಸ್ಸಿನ ಬೋರ್ಡಿನಲ್ಲಿ ಹೆಸರು ಕಂಡರೂ ಹೆಚ್ಚಿನವರು ಗಮನಿಸದೆ ಮುಂದೆ ಹೋಗುವಂಥ ಹಳ್ಳಿ. ಆದರೆ ಆರೂವರೆ ಶತಮಾನಗಳ ಹಿಂದೆ ಅದು ಪಟ್ಟಣವಾಗಿತ್ತು. ಕಲ್ಲೆಹ ಎಂದು ಕರೆಯುತ್ತಿದ್ದರು. ವಿಜಯನಗರದ ಬುಕ್ಕರಾಯನ ಕಾಲದಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಹತ್ತಿಕೊಂಡಾಗ, ಅರಸನ ಬಳಿಗೆ ದೂರು ಒಯ್ದ ಜೈನರ ಊರುಗಳಲ್ಲಿ ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆಗಳ ಜೊತೆಗೆ ಕಲ್ಲೆಹದ ಹೆಸರೂ ಸೇರಿದೆ. 1368ರಲ್ಲಿ ಬುಕ್ಕರಾಯ ತೀರ್ಪು ಕೊಟ್ಟ. ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿ ಇರಿಸಿ, ಎರಡು ದರ್ಶನಗಳ ನಡುವೆ ಭೇದವಿಲ್ಲವೆಂದು ಸಾರಿದ.

ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿರುವ ಈ ತೀರ್ಪಿನ ಶಾಸನ ಚರಿತ್ರೆಯ ವಿದ್ಯಾರ್ಥಿಗಳಿಗೆಲ್ಲ ಪರಿಚಿತ. ಜೈನರಿಗೆ ಹಿಂದಿನಂತೆ ಪಂಚ ಮಹಾವಾದ್ಯಗಳೂ ಕಳಶವೂ ಸಲ್ಲಬೇಕು; ನಾಡಿನ ಜೈನರು ಮನೆಗೊಂದು ಹಣದಂತೆ ವರ್ಷವರ್ಷವೂ ಕೊಡಬೇಕು; ಅದರಿಂದ ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಆಳುಗಳನ್ನು ಇಡಬೇಕು, ಮಿಕ್ಕ ಹಣದಲ್ಲಿ ಹಳೆಯ ಬಸದಿಗಳಿಗೆ ಸುಣ್ಣ ಹೊಡೆಸಬೇಕು. ಸ್ವಾರಸ್ಯವೆಂದರೆ ಈ ಹಣ ಕೂಡಿಸಿ ಖರ್ಚು ಮಾಡುವ ಹೊಣೆ ಬಿದ್ದದ್ದು ವೈಷ್ಣವರ ಮೇಲೆ. ಇದೇ ತೀರ್ಪನ್ನು ಹೇಳುವ ಇನ್ನೊಂದು ಕಲ್ಲು ಕಲ್ಯದ್ದು. ಬಿ.ಎಲ್. ರೈಸ್ 1905ರಲ್ಲಿ ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ದ 9ನೆಯ ಸಂಪುಟದಲ್ಲಿ, ಮಾಗಡಿ ತಾಲ್ಲೂಕಿನ 18ನೆಯ ಶಾಸನವಾಗಿ ಅದು ಅಚ್ಚಾಗಿದೆ.

ಬೆಳಗೊಳದ ಕಲ್ಲನ್ನು ನೋಡಲು ಜನ ಹೋಗುತ್ತಾರೆ. ಕಲ್ಯದ ಕಲ್ಲಿನ ಸುದ್ದಿ ಕಲ್ಯದ ಮಕ್ಕಳಿಗೆ ತಲುಪುವುದು ಹೇಗೆ? ಮೂವತ್ತು ವರ್ಷಗಳ ಹಿಂದಾದರೆ ಊರಿನ ಮೇಷ್ಟ್ರೊಬ್ಬರು ಬೆಂಗಳೂರಿನ ಅಥವಾ ಮೈಸೂರಿನ ದೊಡ್ಡ ಗ್ರಂಥಾಲಯವೊಂದಕ್ಕೆ ಹೋಗಿ, ಪರಿಚಯದ ಪತ್ರ ತೋರಿಸಿ, ಪುಡಿಯಾಗುವ ಹಾಳೆಗಳ ಆ ಭಾರಿ ಸಂಪುಟವನ್ನು ತೆರೆಸಿ ಕೈಯಲ್ಲೇ ನಕಲು ಮಾಡಿಕೊಳ್ಳಬೇಕಿತ್ತು. ಇಂದು ಅದೇ ಸಂಪುಟ ಇಂಟರ್ನೆಟ್ ಆರ್ಕೈವ್ ಎಂಬ ಜಾಲತಾಣದಲ್ಲಿ, ಯಾರು ಬೇಕಾದರೂ ಕಾಸು ಕೊಡದೆ ಓದುವಂತೆ ಇದೆ. ಕಲ್ಯದ ಅರಳಿಕಟ್ಟೆಯ ಮೇಲೆ ಕುಳಿತು ಮೊಬೈಲಿನಲ್ಲೇ ಪುಟ ತಿರುಗಿಸಬಹುದು.

ಹಾಗಾದರೆ ಇತಿಹಾಸ ಜನರ ಕೈಗೆ ಬಂದಂತಾಯಿತೇ? ಅಷ್ಟು ಸುಲಭವಲ್ಲ. ಪುಸ್ತಕ ಸಿಕ್ಕಿತು, ಆ ಪುಸ್ತಕದೊಳಗೆ ನಮ್ಮೂರು ಎಲ್ಲಿದೆ, ಅದರಲ್ಲಿ ಹೇಳಿರುವ ಕಲ್ಲು ಇಂದು ಯಾರ ಹೊಲದ ಬದುವಿನಲ್ಲಿದೆ ಎಂಬುದನ್ನು ಯಂತ್ರ ಹೇಳುವುದಿಲ್ಲ. ಆ ನಡುವಿನ ದಾರಿಯನ್ನು ಹಾಕುವವರಿಗೆ ಈಚೆಗೆ ಒಂದು ಹೆಸರು ಬಂದಿದೆ: ಸಾರ್ವಜನಿಕ ಇತಿಹಾಸಕಾರರು.

ಈ ಹೆಸರು ಅಮೆರಿಕದ್ದು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯದ ಸಾಂಟಾ ಬಾರ್ಬರಾ ವಿಶ್ವವಿದ್ಯಾಲಯದ ರಾಬರ್ಟ್ ಕೆಲ್ಲಿ ಅವರು, ತರಗತಿಯ ಆಚೆ ಜನರ ನಡುವೆ ಕೆಲಸ ಮಾಡುವ ಇತಿಹಾಸಜ್ಞರನ್ನು ಹೀಗೆ ಕರೆದರು. ವಸ್ತುಸಂಗ್ರಹಾಲಯ, ಊರಿನ ಚರಿತ್ರೆ, ಸ್ಮಾರಕ, ಹಿರಿಯರ ನೆನಪುಗಳ ಧ್ವನಿಮುದ್ರಣ ಇವೆಲ್ಲ ಅವರ ಕ್ಷೇತ್ರ. 1994ರಲ್ಲಿ ರಾಯ್ ರೋಸನ್‌ಜ್ವೀಗ್ ಅವರು ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ ಇತಿಹಾಸಕ್ಕೂ ಕಂಪ್ಯೂಟರಿಗೂ ನಂಟು ಬೆಸೆಯುವ ಕೇಂದ್ರವನ್ನೇ ತೆರೆದರು. ನಮ್ಮ ಉಪಖಂಡದ ವಿಭಜನೆಯನ್ನು ಕಂಡವರ ನೆನಪುಗಳನ್ನು ‘1947 ಪಾರ್ಟಿಷನ್ ಆರ್ಕೈವ್’ ಎಂಬ ಸಂಸ್ಥೆ ಕ್ಯಾಮೆರಾದಲ್ಲಿ ದಾಖಲಿಸುತ್ತಾ ಬಂದಿದ್ದು, ಹತ್ತು ಸಾವಿರಕ್ಕೂ ಹೆಚ್ಚು ಜನರ ಮಾತು ಅದರಲ್ಲಿದೆ. ಹೆಸರು ಹೊಸದಾದರೂ ಕೆಲಸ ನಮ್ಮಲ್ಲಿ ಹೊಸದೇನಲ್ಲ. ಊರೂರು ಸುತ್ತಿ ಶಾಸನ ಹುಡುಕಿದ ಹವ್ಯಾಸಿಗಳು, ಸ್ಥಳಪುರಾಣ ಬರೆದಿಟ್ಟ ಶ್ಯಾನುಭೋಗರು, ಟೇಪ್ ರೆಕಾರ್ಡರ್ ಹೊತ್ತು ತಿರುಗಿದ ಜಾನಪದ ಪ್ರೇಮಿಗಳು ಕರ್ನಾಟಕದಲ್ಲಿ ಎಂದೂ ಇದ್ದರು. ಬದಲಾಗಿರುವುದು ಉಪಕರಣ.

ಆ ಉಪಕರಣ ಮೊದಲು ಎಡವುವುದು ಹೆಸರುಗಳಲ್ಲಿ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಷ್ಟು ಇದಕ್ಕೆ ಒಳ್ಳೆಯ ಉದಾಹರಣೆ ಬೇರೆ ಸಿಗಲಾರದು. ರೈಸ್ ಸಂಪುಟದಲ್ಲಿ ‘ಕನಕಪುರ’ ಎಂದು ಹುಡುಕಿದರೆ ಆ ತಾಲ್ಲೂಕು ಸಿಗುವುದಿಲ್ಲ. ಅದು ಅಲ್ಲಿ ಕಾನಕಾನಹಳ್ಳಿ. ಅದೂ ಇಂಗ್ಲಿಷ್ ಭಾಗದಲ್ಲಿ ಸವೆದು ‘ಕಂಕನಹಳ್ಳಿ’ ಆಗಿದೆ. ರಾಮನಗರವೂ ಆ ಹೆಸರಿನಲ್ಲಿಲ್ಲ. ಟಿಪ್ಪುವಿನ ಕಾಲದಲ್ಲಿ ಶಂಸೇರಾಬಾದ್, ಅನಂತರ ಮೈಸೂರಿನ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನ ಹೆಸರಿನಲ್ಲಿ ಕ್ಲೋಸ್‌ಪೇಟೆ, ಕೆಂಗಲ್ ಹನುಮಂತಯ್ಯನವರಿಂದಾಗಿ ರಾಮನಗರ. ಭೂವಿಜ್ಞಾನಿಗಳು ಮಾತ್ರ ಹಟ ಬಿಟ್ಟಿಲ್ಲ. ಇಲ್ಲಿನ ಬೆಟ್ಟಗಳ ಸುಮಾರು 250 ಕೋಟಿ ವರ್ಷ ಹಳೆಯ ಬಂಡೆಗೆ ಅವರು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಅನ್ನುವುದು. ಇನ್ನೂರು ವರ್ಷಗಳ ಹಿಂದೆ ಬಂದುಹೋದ ಸೈನ್ಯಾಧಿಕಾರಿಯೊಬ್ಬನ ಹೆಸರು ಪೇಟೆಯಿಂದ ಅಳಿದು ಬಂಡೆಗೆ ಅಂಟಿ ಉಳಿದದ್ದು ಒಂದು ವಿಚಿತ್ರ.

ಜಿಲ್ಲೆಯ ಕಥೆಯಂತೂ ಇನ್ನೂ ತೊಡಕು. 1905ರಲ್ಲಿ ಈ ಊರುಗಳೆಲ್ಲ ಬೆಂಗಳೂರು ಜಿಲ್ಲೆಯವು. 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿದವು. 2007ರ ಆಗಸ್ಟಿನಲ್ಲಿ ರಾಮನಗರ ಜಿಲ್ಲೆ ಹುಟ್ಟಿತು. 2025ರ ಮೇ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟ ಅದಕ್ಕೆ ‘ಬೆಂಗಳೂರು ದಕ್ಷಿಣ’ ಎಂದು ಹೆಸರಿಡಲು ತೀರ್ಮಾನಿಸಿತು. ಆದರೆ ಬೆಂಗಳೂರು ದಕ್ಷಿಣ ಎಂಬ ಲೋಕಸಭಾ ಕ್ಷೇತ್ರವೊಂದು ಆಗಲೇ ಇದೆ, ಅದೇ ಹೆಸರಿನ ತಾಲ್ಲೂಕು ನಗರ ಜಿಲ್ಲೆಯಲ್ಲಿದೆ; ಈ ನಾಲ್ಕು ತಾಲ್ಲೂಕುಗಳ ಮತದಾರರು ಮಾತ್ರ ಸಂಸದರನ್ನು ಆರಿಸುವುದು ಬೆಂಗಳೂರು ಗ್ರಾಮಾಂತರ ಕ್ಷೇತ್ರದಿಂದ. ಕನಕಪುರದ ಭಾಗವಾಗಿದ್ದ ಹಾರೋಹಳ್ಳಿ ಈಗ ಬೇರೆ ತಾಲ್ಲೂಕು. ಮನುಷ್ಯನಿಗೇ ತಲೆ ತಿರುಗುವಾಗ ಕಂಪ್ಯೂಟರ್ ಏನು ಮಾಡೀತು? ಒಂದೇ ಕಲ್ಲು ನಾಲ್ಕು ಕಾಲದ ದಾಖಲೆಗಳಲ್ಲಿ ನಾಲ್ಕು ವಿಳಾಸಗಳಲ್ಲಿ ಬಿದ್ದಿರುತ್ತದೆ. ಕಲ್ಲೆಹ, ಕಲ್ಯ ಎರಡೂ ಒಂದೇ ಎಂದು ಯಾರಾದರೂ ಒಮ್ಮೆ ಬರೆದು ಜೋಡಿಸದಿದ್ದರೆ ಯಂತ್ರದ ಪಾಲಿಗೆ ಅವು ಎರಡು ಊರುಗಳು. ಸಾರ್ವಜನಿಕ ಇತಿಹಾಸಕಾರನ ಮೊದಲ ಕೆಲಸ ಈ ಹೆಸರುಗಳ ಜೋಡಣೆ. ನೋಡಲು ಗುಮಾಸ್ತಗಿರಿಯಂತಿದ್ದರೂ ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಎರಡನೆಯ ತೊಡಕು ಅಕ್ಷರದ್ದು. ಪುಸ್ತಕದ ಪುಟವನ್ನು ಸ್ಕ್ಯಾನ್ ಮಾಡಿದಾಗ ಕಂಪ್ಯೂಟರಿಗೆ ಸಿಗುವುದು ಬರೀ ಚಿತ್ರ. ಆ ಚಿತ್ರದಲ್ಲಿನ ಕಪ್ಪು ಗೆರೆಗಳನ್ನು ಅಕ್ಷರಗಳೆಂದು ಗುರುತಿಸುವ ಕೆಲಸವನ್ನು ಬೇರೆ ತಂತ್ರಾಂಶ ಮಾಡಬೇಕು. ಇಂಗ್ಲಿಷಿಗೆ ಇದು ಚೆನ್ನಾಗಿ ಪಳಗಿದೆ. ಕನ್ನಡದಲ್ಲಿ ಒತ್ತಕ್ಷರ, ಕೊಂಬು, ದೀರ್ಘಗಳು ಅಡ್ಡ ಬರುತ್ತವೆ. ಸೊನ್ನೆಯ ಅಂಕಿಯನ್ನೂ ಅನುಸ್ವಾರದ ಸೊನ್ನೆಯನ್ನೂ ಯಂತ್ರ ಅದಲು ಬದಲು ಮಾಡುತ್ತದೆ. ಕಣ್ಣಿಗೆ ಎರಡೂ ಒಂದೇ. ಹುಡುಕಾಟದಲ್ಲಿ ಮಾತ್ರ ‘ಗಂಗ’ ಸಿಗದೆ ಹೋಗುತ್ತಾನೆ. ಹಳಗನ್ನಡದ ‘ಱ’, ‘ೞ’ ಅಕ್ಷರಗಳಿಗೆ ಯುನಿಕೋಡ್‌ನಲ್ಲಿ ಜಾಗವಿದೆ, ನಿಜ. ಆದರೆ ಹಳೆಯ ಅಚ್ಚಿನಲ್ಲಿ ಅವನ್ನು ಗುರುತಿಸುವಂತೆ ಯಂತ್ರಕ್ಕೆ ಕಲಿಸಬೇಕು. ನಮ್ಮದೇ ಹತ್ತಿರದ ಕಾಲದ ಬರಹಗಳ ಗತಿಯೂ ಉತ್ತಮವಲ್ಲ. 1990ರ ದಶಕದಲ್ಲೂ ಅದರ ಮುಂದಿನ ವರ್ಷಗಳಲ್ಲೂ ಕನ್ನಡವನ್ನು ಹೆಚ್ಚಾಗಿ ಬೆರಳಚ್ಚಿಸಿದ್ದು ಯುನಿಕೋಡ್ ಅಲ್ಲದ ಫಾಂಟುಗಳಲ್ಲಿ. ಆ ಕಡತವನ್ನು ಕಂಪ್ಯೂಟರ್ ಒಳಗೊಳಗೆ ಇಂಗ್ಲಿಷ್ ಚಿಹ್ನೆಗಳ ಸರಮಾಲೆಯಾಗಿ ಇಟ್ಟುಕೊಂಡಿರುತ್ತದೆ. ಎಷ್ಟೋ ಸ್ಮರಣ ಸಂಚಿಕೆಗಳು, ಊರಿನ ಚರಿತ್ರೆಗಳು ಹೀಗೆ ಕಡತದೊಳಗಿದ್ದೂ ಹುಡುಕಿದರೆ ಸಿಗದಂತಾಗಿವೆ.

ಇಲ್ಲಿ ಹೆಸರಿಸಬೇಕಾದದ್ದು ಬೆಂಗಳೂರಿನ ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ಬಳಗ. ಹಳೆಯ ಕನ್ನಡ ಪುಸ್ತಕ, ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಇಂಟರ್ನೆಟ್ ಆರ್ಕೈವ್‌ಗೆ ಏರಿಸುತ್ತಿರುವ ಇವರ ಕೆಲಸದಿಂದಾಗಿ ಗ್ರಂಥಾಲಯದ ಬೀಗ ಅನೇಕರಿಗೆ ತೆರೆದಿದೆ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯವೂ ಅದರ ಒಡಹುಟ್ಟಾದ ವಿಕಿಸೋರ್ಸ್ ಕೂಡ ಇಂಥದೇ ದಾರಿಯವು. ವಿಕಿಸೋರ್ಸ್‌ನಲ್ಲಿ ಒಂದು ಕಡೆ ಪುಟದ ಚಿತ್ರ, ಪಕ್ಕದಲ್ಲಿ ಅದರ ಅಕ್ಷರರೂಪ ಇರುತ್ತದೆ. ತಪ್ಪು ಕಂಡವರು ಯಾರು ಬೇಕಾದರೂ ತಿದ್ದಬಹುದು. ಅಚ್ಚುಮನೆಯ ಕರಡು ತಿದ್ದುವವನ ಕೆಲಸವನ್ನು ಊರಿಗೆಲ್ಲ ಹಂಚಿಕೊಟ್ಟ ಹಾಗೆ.

ಪುಸ್ತಕದಿಂದ ಕಲ್ಲಿಗೆ ಬರೋಣ. ರೈಸ್ ಕಾಲದಲ್ಲಿ ಶಾಸನದ ನಕಲು ತೆಗೆಯುತ್ತಿದ್ದುದು ಪಡಿಯಚ್ಚಿನಿಂದ. ಕಲ್ಲನ್ನು ತೊಳೆದು, ಒದ್ದೆ ಕಾಗದ ಹೊದಿಸಿ, ಅದು ಅಕ್ಷರದ ಕುಳಿಗಳೊಳಗೆ ಇಳಿಯುವಂತೆ ಕುಂಚದಿಂದ ಬಡಿದು, ಮೇಲೆ ಮಸಿ ಒತ್ತಿದರೆ, ತಗ್ಗಿನ ಅಕ್ಷರ ಬಿಳಿಯಾಗಿಯೂ ಮೇಲಿನ ಕಲ್ಲು ಕಪ್ಪಾಗಿಯೂ ಮೂಡುತ್ತದೆ. ಇಂದಿಗೂ ಅದು ಒಳ್ಳೆಯ ವಿದ್ಯೆಯೇ. ಆದರೆ ಸವೆದ ಕಲ್ಲಿನಲ್ಲಿ ಬಿರುಕು ಯಾವುದು, ಅಕ್ಷರದ ಗೆರೆ ಯಾವುದು ಎಂದು ಮಸಿಗೆ ತಿಳಿಯದು. ಅಚ್ಚು ತೆಗೆದ ಹಾಳೆಯಿರುವುದು ಒಂದೇ. ಅದು ಕಚೇರಿಯ ಬೀರುವಿಗೆ ಹೋಯಿತೆಂದರೆ ಉಳಿದವರು ಓದಿದವರ ಮಾತನ್ನು ನಂಬಬೇಕು.

1909ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಲ್ಲಿ ಆರಂಭಿಸಿದ ಶಾಸನಗಳ ಡಿಜಿಟಲ್ ಸಂರಕ್ಷಣೆಯ ಯೋಜನೆ ಈ ಸ್ಥಿತಿಯನ್ನು ಬದಲಿಸಿದೆ. ಇದರ ಹೊಣೆ ಹೊತ್ತ ಪಿ.ಎಲ್. ಉದಯಕುಮಾರ್ ವೃತ್ತಿಯಿಂದ ಎಂಜಿನಿಯರ್, ವಿಶ್ವವಿದ್ಯಾಲಯದ ಪ್ರಾಧ್ಯಾಪಕರಲ್ಲ. ಬೆಂಗಳೂರಿನ ಶಾಸನಕಲ್ಲುಗಳನ್ನು ಹುಡುಕುವ ಗೀಳು ಹತ್ತಿದ ಹವ್ಯಾಸಿಗಳ ಗುಂಪಿನಿಂದ ಬೆಳೆದ ಕೆಲಸವಿದು. ಕೈಯಲ್ಲಿ ಹಿಡಿಯುವ ಸ್ಕ್ಯಾನರ್ ಕಲ್ಲಿನ ಮೇಲೆ ಬೆಳಕಿನ ವಿನ್ಯಾಸವೊಂದನ್ನು ಬೀರುತ್ತದೆ. ಸಮತಟ್ಟಾದ ಕಡೆ ಆ ಗೆರೆಗಳು ನೇರವಾಗಿರುತ್ತವೆ, ಕುಳಿಯಿದ್ದಲ್ಲಿ ಬಾಗುತ್ತವೆ. ಬಾಗಿದ ಅಳತೆಯಿಂದ ಕುಳಿಯ ಆಳವನ್ನು ಕಂಪ್ಯೂಟರ್ ಲೆಕ್ಕ ಹಾಕಿ, ಲಕ್ಷಗಟ್ಟಲೆ ಬಿಂದುಗಳನ್ನು ಸೇರಿಸಿ ಕಲ್ಲಿನ ಮೂರು ಆಯಾಮದ ಪ್ರತಿರೂಪವನ್ನು ಕಟ್ಟುತ್ತದೆ. ಮುಂದಿನದು ಇನ್ನೂ ಚೆಂದ. ಪರದೆಯ ಮೇಲೆ ಕಲ್ಲಿನ ಬಣ್ಣ, ಪಾಚಿ, ಯಾರೋ ಬಳಿದ ಸುಣ್ಣದ ಕಲೆ ಇವನ್ನೆಲ್ಲ ಅಳಿಸಿ ಬರೀ ಉಬ್ಬುತಗ್ಗನ್ನು ಉಳಿಸಿಕೊಳ್ಳಬಹುದು. ದೀಪವನ್ನು ಎಡಕ್ಕೆ, ಬಲಕ್ಕೆ, ತೀರಾ ಕೆಳಕ್ಕೆ ತಂದು ನೆರಳು ಬೀಳಿಸಬಹುದು. ಹೊಲದಲ್ಲಿ ಸಂಜೆ ಐದೂವರೆಯ ಓರೆ ಬಿಸಿಲಿಗಾಗಿ ಕಾದು ಕೂರುತ್ತಿದ್ದ ಶಾಸನತಜ್ಞನಿಗೆ ಈಗ ದಿನವಿಡೀ ಸಂಜೆಯೇ.

ಹೆಬ್ಬಾಳದ ಕಿಟ್ಟಯ್ಯನ ಕಲ್ಲು ಈ ಬಗೆಯ ಕೆಲಸಕ್ಕೆ ಪ್ರಸಿದ್ಧ ಉದಾಹರಣೆ. 2018ರಲ್ಲಿ ಬೆಳಕಿಗೆ ಬಂದ ಆ ವೀರಗಲ್ಲನ್ನು ಸುಮಾರು ಕ್ರಿ.ಶ. 750ರದ್ದೆಂದು ವಿದ್ವಾಂಸರು ಗುರುತಿಸಿದರು. ಕಾಳಗದಲ್ಲಿ ಮಡಿದ ಒಬ್ಬ ಊರಾಳಿನ ಹೆಸರು ಹನ್ನೆರಡು ಶತಮಾನಗಳ ಅನಂತರ ಫ್ಲೈಓವರ್‌ಗಳ ನಡುವೆ ಮತ್ತೆ ಕೇಳಿಬಂತು. ಆಸಕ್ತರೂ ನಿವಾಸಿಗಳೂ ಸೇರಿ ಅದಕ್ಕೊಂದು ಮಂಟಪ ಕಟ್ಟಿಸಿದರು. ಸ್ಕ್ಯಾನ್‌ಗಳಿಂದ ಬಿಡಿ ಅಕ್ಷರಗಳನ್ನು ಎತ್ತಿ, ಯಾವ ಕಾಲದಲ್ಲಿ ‘ಕ’ ಹೇಗಿತ್ತು, ‘ಮ’ ಹೇಗಿತ್ತು ಎಂದು ಹುಡುಕಿ ನೋಡಲು ಬರುವ ‘ಅಕ್ಷರ ಭಂಡಾರ’ವನ್ನೂ ಮಿಥಿಕ್ ಸೊಸೈಟಿಯ ತಂಡ ರೂಪಿಸಿದೆ. ಶಾಸನ ಓದುವ ವಿದ್ಯೆ ಇನ್ನು ಮುಂದೆ ಗುರುಮುಖದಿಂದ ಮಾತ್ರವೇ ಬರಬೇಕಾಗಿಲ್ಲ.

ಬೆಂಗಳೂರಿನ ಸುತ್ತ ನಡೆದ ಈ ಕೆಲಸದ ಬೇರು ನಮ್ಮ ನಾಲ್ಕು ತಾಲ್ಲೂಕುಗಳಲ್ಲೂ ಇದೆ. ಏಕೆಂದರೆ ಹುಡುಕುವವರು ಹಿಡಿದು ಹೊರಡುವ ಪಟ್ಟಿ ಅದೇ 9ನೆಯ ಸಂಪುಟ. ಅದರಲ್ಲಿ ಮಾಗಡಿ, ಚನ್ನಪಟ್ಟಣ, ಕಾನಕಾನಹಳ್ಳಿಗಳಿಗೆ ಒಂದೊಂದು ಭಾಗವಿದೆ. ರೈಸ್ ತಂಡ ಪ್ರತಿ ಶಾಸನದ ತಲೆಯ ಮೇಲೆ ಅದು ಇದ್ದ ಜಾಗವನ್ನು ಒಂದು ಸಾಲಿನಲ್ಲಿ ಹೇಳುತ್ತದೆ: ಇಂಥ ಊರಿನ ಆಂಜನೇಯ ಗುಡಿಯ ಮುಂದೆ, ಇಂಥ ಹಳ್ಳಿಯ ಪೂರ್ವದ ಹೊಲದಲ್ಲಿ, ಕೆರೆಯ ತೂಬಿನ ಹತ್ತಿರ ಎಂಬ ಧಾಟಿಯಲ್ಲಿ. ನೂರಿಪ್ಪತ್ತು ವರ್ಷಗಳಲ್ಲಿ ಗುಡಿ ಕಾಂಕ್ರೀಟ್ ಕಟ್ಟಡವಾಗಿರಬಹುದು, ಪೂರ್ವದ ಹೊಲ ಲೇಔಟ್ ಆಗಿರಬಹುದು. ಅಂಥ ಕಡೆ ನೆರವಿಗೆ ಬರುವುದು ನಕ್ಷೆಗಳು. ಉಪಗ್ರಹದ ಚಿತ್ರಗಳಲ್ಲಿ ಕೆರೆಯ ಹಳೆಯ ಏರಿ, ಕೋಟೆಯ ಅಳಿದ ಗೋಡೆಯ ಸಾಲು ಎತ್ತರದಿಂದ ಎದ್ದು ಕಾಣುತ್ತವೆ. ರಾಜ್ಯ ಸರ್ಕಾರದ ‘ದಿಶಾಂಕ್’ ಎಂಬ ಆ್ಯಪ್ ಇದೆ. ಜಮೀನು ಕೊಳ್ಳುವವರು ಬಳಸುವುದೇ ಹೆಚ್ಚು. ನಿಂತ ಜಾಗದ ಸರ್ವೆ ನಂಬರು ಅದರಲ್ಲಿ ತಿಳಿಯುವುದರಿಂದ, ಕಲ್ಲು ಹುಡುಕುವವರಿಗೂ ಅದು ಒಳ್ಳೆಯ ಗೆಳೆಯ. ಗುಡಿ ಹೋದರೂ ಊರು ಬದಲಾದರೂ ಸರ್ವೆ ನಂಬರು ಅಷ್ಟು ಬೇಗ ಬದಲಾಗುವುದಿಲ್ಲ.

ಇಷ್ಟಾದರೂ ಕೊನೆಯ ಫರ್ಲಾಂಗು ದಾರಿ ಜನರನ್ನು ಕೇಳಿಯೇ ನಡೆಯಬೇಕು. ‘ಶಾಸನ ಎಲ್ಲಿದೆ’ ಎಂದರೆ ಹಳ್ಳಿಯಲ್ಲಿ ಉತ್ತರ ಬರದು. ‘ಅಕ್ಷರದ ಕಲ್ಲು’, ‘ಬರೆದ ಕಲ್ಲು’, ‘ವೀರಗಲ್ಲು’ ಎನ್ನಬೇಕು. ಅದನ್ನು ಮಾಸ್ತಿಯಮ್ಮ ಎಂದೋ ಭೂತಪ್ಪ ಎಂದೋ ಪೂಜಿಸುತ್ತಿದ್ದರೆ ಎಣ್ಣೆ, ಕುಂಕುಮದ ಪದರದ ಕೆಳಗೆ ಅಕ್ಷರವಿದೆ ಎಂಬುದೇ ಗೊತ್ತಿರುವುದಿಲ್ಲ. ಇನ್ನೊಂದು ಕಡೆ ಅದು ದನ ಕಟ್ಟುವ ಗೂಟ, ಮತ್ತೊಂದು ಕಡೆ ಬಟ್ಟೆ ಒಗೆಯುವ ಚಪ್ಪಡಿ. ಅದರಲ್ಲಿ ಕೋಪ ಪಡುವಂಥದ್ದೇನೂ ಇಲ್ಲ. ಊರಿನವರಿಗೆ ಆ ಕಲ್ಲಿನ ಮಾತನ್ನು ಯಾರೂ ಓದಿ ಹೇಳಿರಲಿಲ್ಲ, ಅಷ್ಟೆ.

ಆದರೆ ಹೇಳುವುದರಲ್ಲೂ ಅಪಾಯವಿದೆ. ನಮ್ಮ ನಾಡಿನಲ್ಲಿ ಶಾಸನವೆಂದರೆ ನಿಧಿಯ ಗುರುತು ಎಂಬ ಭ್ರಮೆ ಗಟ್ಟಿಯಾಗಿ ಬೇರೂರಿದೆ. ಕಲ್ಲಿನ ಮೇಲೆ ಕೆತ್ತಿದ ಸೂರ್ಯ ಚಂದ್ರರು ‘ಈ ದಾನ ಆಚಂದ್ರಾರ್ಕವಾಗಿ ನಡೆಯಲಿ’ ಎಂದು ಹೇಳಿದರೆ, ನಿಧಿಗಳ್ಳರಿಗೆ ಅದು ಹೂತಿಟ್ಟ ಹೊನ್ನಿನ ಗುಟ್ಟು. ರಾತ್ರಿ ಬಂದು ಬುಡ ಅಗೆಯುತ್ತಾರೆ, ಕಲ್ಲನ್ನು ಒಡೆಯುತ್ತಾರೆ. ಹೀಗಿರುವಾಗ ಒಂಟಿ ಗುಡ್ಡದ ಮೇಲಿನ ವೀರಗಲ್ಲಿನ ಕರಾರುವಾಕ್ಕಾದ ಸ್ಥಾನವನ್ನು ಗೂಗಲ್ ನಕ್ಷೆಯಲ್ಲಿ ಚುಕ್ಕೆ ಇಟ್ಟು ಜಗತ್ತಿಗೆಲ್ಲ ತೋರಿಸಬೇಕೇ? ತೋರಿಸಿದರೆ ಕಳ್ಳನಿಗೂ ದಾರಿ. ತೋರಿಸದಿದ್ದರೆ ರಸ್ತೆ ಅಗಲ ಮಾಡುವ ಗುತ್ತಿಗೆದಾರನಿಗೆ ಅಲ್ಲೊಂದು ಕಲ್ಲಿದೆ ಎಂಬ ಅರಿವೇ ಇರದು. ಊರ ನಡುವಿನ ಕಲ್ಲನ್ನು ಧಾರಾಳವಾಗಿ ತೋರಿಸುವುದು, ಕಾಡಿನ ನಡುವಿನದನ್ನು ಗ್ರಾಮದ ಹೆಸರಿನಲ್ಲೇ ನಿಲ್ಲಿಸಿ ನಿಖರ ವಿವರವನ್ನು ಪುರಾತತ್ತ್ವ ಇಲಾಖೆಗೂ ಪಂಚಾಯಿತಿಗೂ ಕೊಡುವುದು ನನಗೆ ಕಂಡಂತೆ ಸರಿಯಾದ ನಡೆ. ಕಲ್ಲಿನ ಸುತ್ತಲಿನ ಜನಕ್ಕೆ ಅದರ ಅರ್ಥ ತಿಳಿದಿದ್ದರೆ ಅದಕ್ಕಿಂತ ದೊಡ್ಡ ಕಾವಲಿಲ್ಲ. ಬುಕ್ಕರಾಯ ಬೆಳಗೊಳಕ್ಕೆ ಇಟ್ಟ ಇಪ್ಪತ್ತು ಆಳುಗಳನ್ನು ಇಂದು ಎಲ್ಲಿಂದ ತರೋಣ?

ಓದಿದ್ದು ಸರಿಯೋ ತಪ್ಪೋ ಎಂಬುದೂ ಸಣ್ಣ ವಿಷಯವಲ್ಲ. 2015ರಲ್ಲಿ ಮಾಗಡಿ ತಾಲ್ಲೂಕಿನ ಕೆಂಪಾಪುರದ ಗೋಪುರವೊಂದು ಹಿರಿಯ ಕೆಂಪೇಗೌಡರ ಸಮಾಧಿ ಎಂದು, ಅಲ್ಲಿನ ಶಾಸನದ ಆಧಾರದಿಂದ ಸಂಶೋಧಕರು ಪ್ರಕಟಿಸಿದರು. ಪತ್ರಿಕೆಗಳಲ್ಲಿ ಸುದ್ದಿಯಾಯಿತು, ದೂರದರ್ಶನ ವಾಹಿನಿಗಳು ಬಂದವು, ಸರ್ಕಾರ ಅಭಿವೃದ್ಧಿಯ ಮಾತಾಡಿತು. ಅದುವರೆಗೆ ತನ್ನ ಪಾಡಿಗೆ ತಾನಿದ್ದ ಊರು ಯಾತ್ರಾಸ್ಥಳವಾಗುವ ದಾರಿ ಹಿಡಿಯಿತು. ಕೆಲವೇ ಸಾಲಿನ ಅಕ್ಷರಗಳು ಹೀಗೆ ಜಮೀನಿನ ಬೆಲೆಯನ್ನೂ ರಾಜಕೀಯವನ್ನೂ ಮುಟ್ಟಬಲ್ಲವು. ಅಂಥ ಕಲ್ಲಿನ ಸ್ಪಷ್ಟ ಪ್ರತಿರೂಪ ಎಲ್ಲರ ಮುಂದೆ ಇದ್ದರೆ, ಒಪ್ಪುವವರೂ ಒಪ್ಪದವರೂ ಅಕ್ಷರ ತೋರಿಸಿ ವಾದಿಸಬಹುದು. ಡಿಜಿಟಲ್ ಉಪಕರಣದ ಅತಿ ದೊಡ್ಡ ಉಪಕಾರ ಇದೇ ಎಂದು ಕಾಣುತ್ತದೆ. ಪರಿಣತರನ್ನು ನಂಬಬೇಡಿ ಎಂದಲ್ಲ. ಪರೀಕ್ಷಿಸಿ ನಂಬಬಹುದು ಎಂದು.

ಮಾಗಡಿಯದೇ ಇನ್ನೊಂದು ಬಗೆಯ ದಾಖಲೆ ಬಣ್ಣದ್ದು. 1791ರ ಡಿಸೆಂಬರ್ 21ರಂದು ಕಾರ್ನ್‌ವಾಲಿಸನ ಸೇನೆ ಟಿಪ್ಪುವಿನ ಸಾವನದುರ್ಗವನ್ನು ಹಿಡಿಯಿತು. ಸೇನೆಯ ಜೊತೆ ಬಂದಿದ್ದ ಚಿತ್ರಕಾರ ರಾಬರ್ಟ್ ಹೋಮ್ 1794ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಮೈಸೂರಿನ ನೋಟಗಳಲ್ಲಿ ಸಾವನದುರ್ಗ, ರಾಮಗಿರಿ, ಹುತ್ರಿದುರ್ಗಗಳಿವೆ. ಅದೇ ಯುದ್ಧದ ಅಧಿಕಾರಿಗಳಾದ ಅಲೆಗ್ಸಾಂಡರ್ ಅಲನ್, ರಾಬರ್ಟ್ ಕೋಲ್‌ಬ್ರೂಕ್ ಅವರೂ ಈ ಸೀಮೆಯನ್ನು ಚಿತ್ರಿಸಿದ್ದಾರೆ. ಇಂಥ ಚಿತ್ರಗಳನ್ನು ಹಿಂದೆ ಲಂಡನ್ನಿಗೆ ಹೋದವರಷ್ಟೇ ನೋಡಬೇಕಿತ್ತು. ಜಾಲತಾಣಗಳಿಗೆ ಬಂದ ಮೇಲೆ ಇತಿಹಾಸಪ್ರಿಯರಿಗೆ ಹೊಸ ಆಟವೊಂದು ಸಿಕ್ಕಿದೆ. ಚಿತ್ರವನ್ನು ಮೊಬೈಲಿನಲ್ಲಿಟ್ಟುಕೊಂಡು ಹೋಗಿ, ಬೆಟ್ಟದ ರೇಖೆ ಹೊಂದುವವರೆಗೆ ಎಡಬಲ ಸರಿದು, ಚಿತ್ರಕಾರ ಕುಳಿತಿದ್ದ ಜಾಗವನ್ನೇ ಪತ್ತೆ ಮಾಡಿ ಇಂದಿನ ಫೋಟೊ ತೆಗೆಯುವುದು. ಕಾಡು ಎಷ್ಟು ಹೋಯಿತು, ಕೋಟೆಯ ಗೋಡೆ ಎಲ್ಲಿತ್ತು ಎಂದು ಇದರಿಂದ ತಿಳಿಯುತ್ತದೆ. ಅದು ಗೆದ್ದವರ ಕಣ್ಣಿನ ನೋಟ ಎಂಬುದನ್ನು ಮಾತ್ರ ಮರೆಯುವಂತಿಲ್ಲ. ಬೆಟ್ಟವನ್ನು ಭೀಕರವಾಗಿ ಬರೆದಷ್ಟೂ ಅದನ್ನು ಹತ್ತಿದವರ ಪರಾಕ್ರಮ ಹೆಚ್ಚುತ್ತದಲ್ಲವೇ?

ಜಾಲದಲ್ಲಿರುವುದೆಲ್ಲ ಶಾಶ್ವತ ಎಂದು ತಿಳಿದವರಿಗೆ ಈಚಿನ ವರ್ಷಗಳು ಪಾಠ ಕಲಿಸಿವೆ. 2023ರ ಅಕ್ಟೋಬರಿನಲ್ಲಿ ಬ್ರಿಟಿಷ್ ಲೈಬ್ರರಿಯ ಕಂಪ್ಯೂಟರ್ ವ್ಯವಸ್ಥೆಗೆ ಸೈಬರ್ ದರೋಡೆಕೋರರು ನುಗ್ಗಿದರು. ಕೇಳಿದ ಹಣ ಸಿಗದಿದ್ದಾಗ ಕದ್ದ ಮಾಹಿತಿಯನ್ನು ಹೊರಹಾಕಿದರು. ಅದರ ಎಷ್ಟೋ ಡಿಜಿಟಲ್ ಸೇವೆಗಳು ತಿಂಗಳುಗಟ್ಟಲೆ ಮುಚ್ಚಿದವು. 2024ರ ಅಕ್ಟೋಬರಿನಲ್ಲಿ ದಾಳಿಗೆ ಸಿಕ್ಕಿ ಇಂಟರ್ನೆಟ್ ಆರ್ಕೈವ್ ಕೂಡ ಕೆಲವು ದಿನ ಬಾಗಿಲು ಹಾಕಿತು. ರೈಸ್ ಸಂಪುಟವನ್ನು ಅಲ್ಲೇ ಓದಿದರಾಯಿತು ಎಂದು ಇಳಿಸಿಟ್ಟುಕೊಳ್ಳದೆ ಇದ್ದವರು ಕೈ ಹಿಸುಕಿಕೊಂಡರು. ಒಂದೇ ಕಡತದ ಪ್ರತಿ ಮೂರು ನಾಲ್ಕು ಬೇರೆ ಬೇರೆ ಕಡೆ ಇರಬೇಕೆಂಬುದು ಈ ಕ್ಷೇತ್ರದವರ ಮೊದಲ ನಿಯಮ. ಕಲ್ಲಿನ ಬಾಳಿಕೆ ಕಂಪ್ಯೂಟರಿಗಿಲ್ಲ. ಬುಕ್ಕರಾಯನ ಅಧಿಕಾರಿಗಳೂ ಒಂದೇ ತೀರ್ಪನ್ನು ಎರಡು ಊರಿನಲ್ಲಿ ಕೆತ್ತಿಸಿದ್ದರು.

ಕಲ್ಲಿನಲ್ಲೂ ಕಾಗದದಲ್ಲೂ ಇಲ್ಲದ ಇತಿಹಾಸವೊಂದಿದೆ, ದನಿಯದು. ರಾಮನಗರದ ಬಳಿ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿರುವ ಜಾನಪದ ಲೋಕವನ್ನು ಎಚ್.ಎಲ್. ನಾಗೇಗೌಡರು ಕಟ್ಟಿದ್ದು 1994ರಲ್ಲಿ. ನೋಡಲು ಬರುವವರು ಅಲ್ಲಿನ ರಾಗಿಕಲ್ಲು, ಒನಕೆ, ಏತ, ಬೊಂಬೆಗಳ ಮುಂದೆ ನಿಂತು ಹೋಗುತ್ತಾರೆ. ಆದರೆ ನಾಗೇಗೌಡರು ಹಳ್ಳಿ ಹಳ್ಳಿ ತಿರುಗಿ ಧ್ವನಿಮುದ್ರಿಸಿದ ಹಾಡು, ಕಥೆಗಳೂ ಆ ಸಂಸ್ಥೆಯ ಆಸ್ತಿಯೇ. ಟೇಪಿನ ಆಯುಸ್ಸು ಕಡಿಮೆ. ಕಾಂತದ ಪುಡಿಯನ್ನು ಹಿಡಿದಿರುವ ಅಂಟು ವರ್ಷಗಳು ಕಳೆದಂತೆ ಜಿಗುಟಾಗುತ್ತದೆ, ತೇವ ಹತ್ತಿದರೆ ಬೂಷ್ಟು ಹಿಡಿಯುತ್ತದೆ, ಅದನ್ನು ನುಡಿಸುವ ಯಂತ್ರಗಳೂ ಅಂಗಡಿಯಿಂದ ಮಾಯವಾಗಿವೆ. ಇಂಥ ಯಾವುದೇ ಸಂಗ್ರಹವನ್ನು ಡಿಜಿಟಲ್ ಮಾಡಿದರೂ, ಹಾಡಿದವರು ಯಾರು, ಯಾವ ಊರು, ಯಾವ ಸಂದರ್ಭದಲ್ಲಿ ಹಾಡುವಂಥದು ಎಂಬ ಚೀಟಿ ಜೊತೆಗಿಲ್ಲದಿದ್ದರೆ ಉಳಿಯುವುದು ಅನಾಮಿಕ ಕಂಠ. ಅಜ್ಜಿಯ ದನಿಯನ್ನು ಮೊಮ್ಮಕ್ಕಳು ಕೇಳುವಂತಾಗಬೇಕಾದರೆ ಆ ಚೀಟಿ ಬೇಕು.

ಚನ್ನಪಟ್ಟಣದ ಬೊಂಬೆಗಳ ವಿಷಯದಲ್ಲಿ ಕಾಣುವುದು ಇದೇ ಕೊರತೆ. ಯೂಟ್ಯೂಬಿನಲ್ಲಿ ಬೊಂಬೆ ಮಾಡುವ ದೃಶ್ಯಗಳಿಗೆ ಲೆಕ್ಕವಿಲ್ಲ. ಹಾಲೆ ಮರದ ತುಂಡು ಪಟ್ಟಡೆಯಲ್ಲಿ ಗಿರ್ರನೆ ತಿರುಗುತ್ತದೆ, ಅರಗಿನ ಕಡ್ಡಿ ತಾಗಿ ಬಣ್ಣ ಕರಗಿ ಹರಡುತ್ತದೆ, ತಾಳೆ ಗರಿಯಿಂದ ಉಜ್ಜಿದಾಗ ಮಿರುಗುತ್ತದೆ. ನೋಡಲು ಸೊಗಸು. ಆದರೆ ಆ ಕೈ ಯಾರದು, ಯಾರಿಂದ ಕಲಿತದ್ದು, ಮಗ ಅದೇ ಕಸುಬಿನಲ್ಲಿದ್ದಾನೆಯೇ ಅಥವಾ ಬಿಡದಿಯ ಕಾರ್ಖಾನೆಗೆ ಹೋಗುತ್ತಾನೆಯೇ ಎಂಬುದು ಮೂರು ನಿಮಿಷದ ವಿಡಿಯೊದಲ್ಲಿ ಬರುವುದಿಲ್ಲ. ಜಪಾನಿನ ತಂತ್ರ ಕಲಿತು ಬಂದ ಬಾವಾಸ್ ಮಿಯಾನ್ ಹೆಸರು ಎಲ್ಲ ಕಡೆ ಇದೆ. ಅವರ ಅನಂತರದ ನಾಲ್ಕು ತಲೆಮಾರಿನವರ ಹೆಸರು ಬಹುಮಟ್ಟಿಗೆ ಇಲ್ಲ. ಅರ್ಧ ಗಂಟೆ ಕುಳಿತು ಕೇಳಿದರೆ ಸಿಗುವ ಮಾತುಗಳು ಇವು. ಮೊಬೈಲಿನ ರೆಕಾರ್ಡರ್ ಸಾಕು, ಸ್ಟುಡಿಯೊ ಬೇಡ.

ಹುಡುಕುವ ಯಂತ್ರ ಜನ ಹೆಚ್ಚು ಕೇಳಿದ್ದನ್ನೇ ಮುಂದಿಡುತ್ತದೆ. ರಾಮನಗರದ ಬೆಟ್ಟ ಎಂದರೆ ಅದಕ್ಕೆ ಮೊದಲು ನೆನಪಾಗುವುದು 1975ರಲ್ಲಿ ಬಿಡುಗಡೆಯಾದ ‘ಶೋಲೆ’, ಗಬ್ಬರ್ ಸಿಂಗ್. ಅದು ತಪ್ಪಲ್ಲ, ಸಿನಿಮಾ ಕೂಡ ಊರಿನ ಚರಿತ್ರೆಯೇ. ಆದರೆ ಅದೇ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳ ಧಾಮವಾದದ್ದು, ಅದರ ನೆತ್ತಿಯಲ್ಲಿ ಕೋಟೆಯಿದ್ದದ್ದು, ಗಂಗ ಅರಸರ ಬೀಡು ಹತ್ತಿರದ ಚನ್ನಪಟ್ಟಣ ಸೀಮೆಯ ಮಂಕುಂದದಲ್ಲಿತ್ತೆಂದು ರೈಸ್ ಬರೆದದ್ದು ಕೆಳಗಿನ ಪುಟಗಳಿಗೆ ಇಳಿಯುತ್ತವೆ. ವಾಟ್ಸ್‌ಆ್ಯಪಿನಲ್ಲಿ ಓಡಾಡುವ ‘ನಿಮಗೆ ಗೊತ್ತೇ?’ ಮಾದರಿಯ ಇತಿಹಾಸವಂತೂ ಆಧಾರ ಕೇಳಿದರೆ ಮಾಯವಾಗುತ್ತದೆ. ಅದನ್ನು ಬೈದು ಪ್ರಯೋಜನವಿಲ್ಲ. ಅದೇ ದಾರಿಯಲ್ಲಿ ಕಲ್ಲಿನ ಫೋಟೊ, ಶಾಸನದ ಸಂಖ್ಯೆ, ಸಂಪುಟದ ಹೆಸರು ಇರುವ ಬರಹವನ್ನು ಕಳಿಸುವವರು ಹೆಚ್ಚಾಗಬೇಕು.

ಅದಕ್ಕೆ ದುಬಾರಿ ಸ್ಕ್ಯಾನರ್ ಬೇಕೆಂದಿಲ್ಲ. ಸಾಧಾರಣ ಮೊಬೈಲಿನಿಂದ ಕಲ್ಲಿನ ಸುತ್ತ ಹೆಜ್ಜೆ ಹೆಜ್ಜೆಗೂ, ಒಂದರ ಮೇಲೊಂದು ಅರ್ಧಕ್ಕೂ ಹೆಚ್ಚು ಹಾಸುವಂತೆ ಐವತ್ತು ಅರುವತ್ತು ಚಿತ್ರ ತೆಗೆದರೆ, ಅವನ್ನು ಹೆಣೆದು ಮೂರು ಆಯಾಮದ ರೂಪ ಕಟ್ಟುವ ಉಚಿತ ತಂತ್ರಾಂಶಗಳಿವೆ. ಪಕ್ಕದಲ್ಲಿ ಅಳತೆಗೆ ಶಾಲೆಯ ಸ್ಕೇಲು ಇಟ್ಟರಾಯಿತು. ಅಕ್ಷರ ಎದ್ದು ಕಾಣಲೆಂದು ಸೀಮೆಸುಣ್ಣ ತೀಡುವುದು, ಬಣ್ಣ ತುಂಬುವುದು, ಗೀರಿ ತೊಳೆಯುವುದು ಬೇಡವೇ ಬೇಡ. ತೀಡಿದವನ ಊಹೆ ಕಲ್ಲಿನ ಮೇಲೆ ಕೂತುಬಿಟ್ಟರೆ ಮುಂದೆ ಓದುವವನು ಅದನ್ನೇ ಅಕ್ಷರವೆಂದು ನಂಬುತ್ತಾನೆ. ಚಿತ್ರದ ಜೊತೆ ಊರಿನ ಈಗಿನ ಹೆಸರು, ಹಿರಿಯರು ಹೇಳುವ ಹಳೆಯ ಹೆಸರು, ಹೋಬಳಿ, ಸರ್ವೆ ನಂಬರು, ಹೊಲಕ್ಕೆ ಊರವರು ಇಟ್ಟ ಹೆಸರು, ತೆಗೆದ ದಿನ ಇಷ್ಟನ್ನೂ ಕನ್ನಡದಲ್ಲೇ, ಯುನಿಕೋಡ್‌ನಲ್ಲೇ ಬರೆಯಬೇಕು.

ಕಲ್ಯದ ಶಾಸನಕ್ಕೆ ಇದನ್ನು ಮಾಡಲು ಒಂದು ಮಧ್ಯಾಹ್ನ ಸಾಕು. ಬೆಳಗೊಳದ ಕಲ್ಲಿನ ಪಾಠವೂ ಅಚ್ಚಾಗಿ ಸಿಗುವುದರಿಂದ, ಎರಡನ್ನೂ ಪರದೆಯ ಮೇಲೆ ಅಕ್ಕಪಕ್ಕ ಇಟ್ಟು ಸಾಲು ಸಾಲಾಗಿ ನೋಡಬಹುದು: ಯಾವ ಮಾತು ಎರಡರಲ್ಲೂ ಇದೆ, ಯಾವುದು ಒಂದರಲ್ಲಿ ಮಾತ್ರ ಇದೆ ಎಂದು. ಊರ ಶಾಲೆಯ ಏಳನೆಯ ತರಗತಿಯವರು ಮಾಡಬಹುದಾದ ಕೆಲಸ. ರೈಸ್ ಸಂಪುಟದ ಶಾಸನಸಂಖ್ಯೆಯನ್ನು ಮೇಷ್ಟ್ರು ಹಲಗೆಯ ಮೇಲೆ ಬರೆದುಕೊಟ್ಟರೆ ಸಾಕು, ಪುಟವನ್ನು ಮಕ್ಕಳೇ ಹುಡುಕಿಕೊಳ್ಳುತ್ತಾರೆ.